ಅವೀಸಳ ಮಗ ಹೇವರ್ಡ್ ಆದ ವರ್ಷ

ನಮ್ಮ ಹೆಲ್ಮ್‌ಕಟ್ ಊರಿನಲ್ಲಿ ಈಗ ಹೇವರ್ಡ್ ಎಂದು ಕರೆಸಿಕೊಳ್ಳುವ ಮನೆಗಳು ಐದಿವೆ. ಒಬ್ಬ ಜೋಡು ಹೊಲಿಯುತ್ತಾನೆ, ಒಬ್ಬ ಗೋಡೆ ಕಟ್ಟುತ್ತಾನೆ, ಇನ್ನೊಬ್ಬನಿಗೆ ಕುಡಿಯುವುದು ಬಿಟ್ಟು ಬೇರೆ ಕಸುಬಿಲ್ಲ. ಹೇವರ್ಡ್ ಎಂದರೆ ಊರ ಬೇಲಿ ಕಾಯುವವನು, ಪೈರಿಗೆ ಬಾಯಿ ಹಾಕಿದ ತುಡುಗು ದನವನ್ನು ಹಿಡಿದು ದೊಡ್ಡಿಗೆ ಕೂಡುವವನು. ಈ ಐದು ಮನೆಯವರಲ್ಲಿ ದೊಡ್ಡಿಯ ಬೀಗದಕೈಯನ್ನು ಕೈಯಲ್ಲಿ ಹಿಡಿದವರು ಒಬ್ಬರೂ ಇಲ್ಲ. ಅಷ್ಟೇಕೆ, ಸ್ವಂತ ಹಿತ್ತಲಿನ ಬೇಲಿಯನ್ನೇ ಇವರು ನೆಟ್ಟಗಿಟ್ಟುಕೊಂಡಿಲ್ಲ. ಆದರೂ ಹೆಸರು ಅಪ್ಪನಿಂದ ಮಗನಿಗೆ ಇಳಿಯುತ್ತಲೇ ಇದೆ. ಅದನ್ನು ಮೊದಲು ಅಂಟಿಸಿಕೊಂಡವನು ಸರ್ಲೊ. ಅವನೇನು ಕೇಳಿ ಪಡೆದವನಲ್ಲ, ಬೇಡ ಬೇಡ ಎಂದು ಒಂದು ವರ್ಷವಿಡೀ ಒದ್ದಾಡಿದವನು.

ಆ ಕಾಲಕ್ಕೆ ಊರಲ್ಲಿ ಸರ್ಲೊಗಳು ಮೂವರಿದ್ದರು. ಜ್ಞಾನಸ್ನಾನದ ದಿನ ಮಗುವನ್ನು ಎತ್ತಿ ಹಿಡಿದವರ ಹೆಸರನ್ನೇ ಮಗುವಿಗೆ ಇಡುವುದು ವಾಡಿಕೆ. ಅಷ್ಟರಲ್ಲಿ ತೀರಿಹೋಗಿದ್ದ ಗಿರಣಿಯ ಮುದುಕ ಸರ್ಲೊಗೆ ಯಾರ ಮಗು ಸಿಕ್ಕಿದರೂ ಎತ್ತಿಕೊಳ್ಳುವ ಚಪಲವಿತ್ತು, ಆಮೇಲಿನ ಊಟದ ಚಪಲ ಅದಕ್ಕಿಂತ ಹೆಚ್ಚು. ಹಾಗಾಗಿ ದಿಬ್ಬದ ಸರ್ಲೊ, ಮೆಳ್ಳಗಣ್ಣಿನ ಸರ್ಲೊ, ಅವೀಸಳ ಮಗ ಸರ್ಲೊ ಎಂದು ಗುರುತಿಟ್ಟು ಕರೆಯಬೇಕಾಗಿತ್ತು. ಅವೀಸ್ ಕಾಸುತ್ತಿದ್ದ ಬಾರ್ಲಿ ಬಿಯರು ಸುತ್ತ ನಾಲ್ಕೂರಿಗೆ ಹೆಸರಾಗಿತ್ತು. ಬಿಯರು ತಯಾರಾಯಿತು ಎಂದು ಅವಳು ಬಾಗಿಲ ಮುಂದೆ ಸೊಪ್ಪಿನ ಕೋಲು ನೆಟ್ಟ ದಿನ ಪಾದ್ರಿಗಳು ಸಹ ಪ್ರಸಂಗವನ್ನು ಮೊಟಕು ಮಾಡುತ್ತಿದ್ದರಂತೆ. ಅವಳು ಸತ್ತಳು. ಮನೆಯನ್ನು ಧಣಿ ಬೇರೆಯವರಿಗೆ ಕೊಟ್ಟ, ಹಂಡೆಗಳು ಯಾರಾರ ಪಾಲಿಗೋ ಹೋದವು. ಸರ್ಲೊಗೆ ಉಳಿದದ್ದು ಅಕ್ಕ ಮಬಿಲಾ, ಅಕ್ಕನ ಮನೆಗೆ ಹೋದ ಮಚ್ಚೆ ಎಂಬ ಹಸು, ಮತ್ತು ಈ ಹೆಸರು. ಯಾರಾದರೂ “ಅವೀಸಳ ಮಗ” ಎಂದರೆ ನಡುವಯಸ್ಸಿನ ಆ ಮನುಷ್ಯನ ಮುಖ ಎಳೆಮಗುವಿನ ಹಾಗೆ ಅರಳುತ್ತಿತ್ತು.

ಪ್ರತಿ ವರ್ಷ ಸೆಪ್ಟೆಂಬರ್ ಕೊನೆಗೆ ಬರುವ ಸಂತ ಮೈಕೆಲ್ ಹಬ್ಬದ ಮಾರನೆಯ ದಿನ ಧಣಿಯ ನ್ಯಾಯಸಭೆ ಸೇರುತ್ತದೆ. ಆವತ್ತೇ ಊರವರು ಕೈಯೆತ್ತಿ ಹೇವರ್ಡನನ್ನು ಆರಿಸಬೇಕು. ಆ ಕೆಲಸ ಯಾರಿಗೂ ಬೇಡ. ದನ ಕೂಡಿದರೆ ನೆರೆಯವರು ಉಗಿಯುತ್ತಾರೆ, ಬಿಟ್ಟರೆ ಧಣಿಯವರು ಉಗಿಯುತ್ತಾರೆ. ಆದ್ದರಿಂದ ಸಭೆಗೆ ಬಾರದವನ ತಲೆಗೆ ಅದನ್ನು ಕಟ್ಟುವುದು ಊರಿನ ಹಳೆಯ ಕುಚೋದ್ಯ. ಆ ವರ್ಷ ಸಭೆ ಸೇರಿದ ಹೊತ್ತಿಗೆ ಸರ್ಲೊ ಅಕ್ಕನ ಮನೆಯ ಸೂರಿನ ಮೇಲೆ ಕೂತು ಹುಲ್ಲು ಹೊದಿಸುತ್ತಿದ್ದ. ಭಾವ ಹಾಮೊಗೆ ಏಣಿ ಹತ್ತಿದರೆ ತಲೆ ತಿರುಗುತ್ತದೆ. ಇವನು ಕೆಳಗಿಳಿಯುವಷ್ಟರಲ್ಲಿ ಗೆಳೆಯ ಆಸ್‌ಬರ್ಟ್ ಹಲ್ಲು ಕಿಸಿಯುತ್ತ ಬಂದು ದನದ ಕೊಂಬಿನ ಕಹಳೆಯನ್ನೂ ದೊಡ್ಡಿಯ ಬೀಗದಕೈಯನ್ನೂ ಎದುರಿಗೆ ಹಿಡಿದ.

“ತಗೋಪ್ಪಾ, ಊದು. ಊರೆಲ್ಲ ನಿನ್ನನ್ನೇ ಬೇಕು ಅಂತು.”

“ಲೇ, ನಾನು ಬರೋದು ತಡ ಆಗುತ್ತೆ, ಹೇಳು ಅಂತ ನಿನಗೇ ಹೇಳಿರ್ಲಿಲ್ವೇನೋ?”

“ಹೇಳಿದೆನಲ್ಲ ಮಾರಾಯ! ಹೇಳಿದ ಮೇಲೇ ಎಲ್ಲಾರೂ ಕೈ ಎತ್ತಿದ್ದು.”

ಮಬಿಲಾ ಕೆಳಗೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಒಂದು ವರ್ಷ ತಾನೇ ಹೋಗ್ಲಿ ಬಿಡೋ. ನಮ್ಮ ಬಾತುಕೋಳಿ ಕಂಡ್ರೆ ಕಣ್ಣು ಮುಚ್ಕೊ, ಅಷ್ಟು ಸಾಕು.”

ಕಣ್ಣು ಮುಚ್ಚುವ ಹಾಗಿರಲಿಲ್ಲ. ಹಿಂದೊಮ್ಮೆ ಒಬ್ಬ ಹೇವರ್ಡ್ ಕೂಡಿದ ಹಸುಗಳನ್ನು ವಾರಗಟ್ಟಲೆ ಬಿಡದೆ, ತಾನೇ ಹುಲ್ಲು ಹಾಕಿ ತಾನೇ ಹಾಲು ಕರೆದುಕೊಂಡು ಬೆಣ್ಣೆ ಮಾರಿದ್ದ. ಅಂದಿನಿಂದ ಊರವರೇ ಎರಡು ಕಟ್ಟಳೆ ಮಾಡಿದ್ದರು. ಮೊದಲನೆಯದು, ಹೇವರ್ಡನಾದವನು ಬೈಬಲ್ ಮುಟ್ಟಿ ಆಣೆ ಇಡಬೇಕು: ದೊಡ್ಡಿಯೊಳಗಿನ ದನಕ್ಕೆ ತಾನಾಗಲಿ ತನ್ನ ಮನೆಯವರಾಗಲಿ ಹುಲ್ಲು ನೀರು ಇಡುವುದಿಲ್ಲ, ಕೆಚ್ಚಲು ಮುಟ್ಟುವುದಿಲ್ಲ. ಅವನ ಮಾತಿಗೆ ಒಬ್ಬರು ಜಾಮೀನು ನಿಲ್ಲಬೇಕು. ಆಣೆ ಮುರಿದರೆ ಜಾಮೀನುದಾರನ ಉಳುವ ಎತ್ತು ಧಣಿಯ ಕೊಟ್ಟಿಗೆಗೆ ಹೋಗುತ್ತದೆ. ಎರಡನೆಯದು, ದೊಡ್ಡಿಯಲ್ಲಿರುವ ದನಕ್ಕೆ ಹುಲ್ಲು ನೀರು ಕೊಟ್ಟವನೇ ಅದರ ಒಡೆಯ. ಮಾಲೀಕನೇ ಬರಬೇಕು, ಇಲ್ಲವೇ ಬಾಯಾರೆ ಹೇಳಿ ಯಾರನ್ನಾದರೂ ಕಳಿಸಬೇಕು. ಯಾರೂ ಹೇಳದೆ ಕನಿಕರದಿಂದ ಒಂದು ಹಿಡಿ ಹುಲ್ಲು ಎಸೆದರೂ ಆ ದನ ಮೇಯ್ದ ಪೈರಿನ ದಂಡ ಎಸೆದವನ ಮೇಲೆ. ಸರ್ಲೊಗೆ ಜಾಮೀನು ನಿಂತವನು ಭಾವ ಹಾಮೊ. ಬೇರೆ ಯಾರು ನಿಂತಾರು?

ಚಳಿಗಾಲ ಹೇಗೋ ಕಳೆಯಿತು. ವಸಂತದಲ್ಲಿ ಮಬಿಲಾಳ ಬಾತುಗಳು ಎಳೆಯ ಅವರೆಯ ಸಾಲಿಗೆ ನುಗ್ಗಿದವು. ಅದೂ ಧಣಿಯ ಹೊಲಮನೆ ನೋಡಿಕೊಳ್ಳುವ ಮೇಟಿ ಜರ್ವೆಸ್ ನೋಡುತ್ತಿದ್ದಾಗಲೇ ನುಗ್ಗಬೇಕೆ? ಸರ್ಲೊ ವಿಧಿಯಿಲ್ಲದೆ ಅವನ್ನು ದೊಡ್ಡಿಗೆ ಅಟ್ಟಿದ. ಮಬಿಲಾ ದಂಡಕ್ಕೆ ಒಂದು ಬುಟ್ಟಿ ಮೊಟ್ಟೆ ಹೊತ್ತು ತಂದು, ಚರ್ಚಿನಿಂದ ಜನ ಹೊರಬರುವ ಹೊತ್ತಿಗೇ ದೊಡ್ಡಿಯ ಬಾಗಿಲಲ್ಲಿ ನಿಂತಳು.

“ಎಣಿಸ್ಕೊಳಪ್ಪಾ ಹೇವರ್ಡ್ ದೊರೆ! ಒಂದು ಒಡೆದಿದ್ರೆ ನನ್ನನ್ನೂ ಒಳಗೆ ಕೂಡಿಹಾಕು.”

“ಅಕ್ಕಾ, ಮೇಟಿ ನೋಡ್ತಿದ್ದ. ನಾನೇನು ಮಾಡ್ಲಿ?”

“ಏನೂ ಮಾಡ್ಬೇಡ. ಇನ್ನು ನಿನ್ನ ದೊಡ್ಡಿ ಬಾಗಿಲಿಗೆ ನಾನು ಕಾಲಿಟ್ರೆ ಕೇಳು. ನೀನು ಕೊಂಬು ಊದಿದ್ರೆ ನನಗೆ ಕಿವಿ ಕೇಳ್ಸಲ್ಲ.”

ಊರೆಲ್ಲ ನಕ್ಕಿತು. ಮಕ್ಕಳು ಅವಳ ಮಾತನ್ನೇ ಹಿಡಿದುಕೊಂಡು “ಹೇವರ್ಡ್ ದೊರೆ, ಹೇವರ್ಡ್ ದೊರೆ” ಎಂದು ಅವನ ಹಿಂದೆ ಓಡಾಡಿದರು. ಸರ್ಲೊಗೆ ಅಲ್ಲಿಂದಲೇ ದಿಗಿಲು ಶುರುವಾದದ್ದು. ಬೆಳಿಗ್ಗೆ ಬಾವಿಯ ಹತ್ತಿರ, ಸಂಜೆ ಕುಡಿಯುವ ಮನೆಯಲ್ಲಿ, ಎಲ್ಲ ಕಡೆ ಜನ ಅವನನ್ನು ಹೇವರ್ಡ್ ಎನ್ನತೊಡಗಿದ್ದರು. ಮೆಳ್ಳಗಣ್ಣಿನ ಸರ್ಲೊ ಒಂದು ದಿನ “ನಮ್ಮಿಬ್ಬರಿಗೇ ಸರ್ಲೊ ಅಂತ ಸಾಕು, ನಿನಗೆ ಬೇರೆ ಬಂತಲ್ಲ” ಎಂದ. ಅಂದಿನಿಂದ ಅವೀಸಳ ಮಗ ಬೆರಳು ಮಡಿಸಿ ತಿಂಗಳು ಎಣಿಸತೊಡಗಿದ. ಮೈಕೆಲ್ ಹಬ್ಬ ಬಂದರೆ ಕೊಂಬನ್ನು ಮೇಟಿಯ ಮೇಜಿನ ಮೇಲೆ ಬಿಸಾಡುವುದು, ಹೆಂಡತಿ ಎಡಿತ್ ಕೈಲಿ ಅವ್ವನ ರೀತಿಯಲ್ಲೇ ಬಿಯರು ಮಾಡಿಸಿಕೊಂಡು ಅಕ್ಕನ ಮನೆಗೆ ಹೋಗುವುದು. ಅಕ್ಕ ಒಂದು ಸಲ “ಬಾರೋ ಅವೀಸಳ ಮಗನೇ” ಎಂದರೆ ಸಾಕು, ಊರು ಏನು ಬೇಕಾದರೂ ಕರೆದುಕೊಳ್ಳಲಿ. ಇದನ್ನು ಅವನು ಎಡಿತ್‌ಗೆ ಎಷ್ಟು ಸಲ ಹೇಳಿದನೆಂದರೆ ಅವಳು “ಹೂಂ, ಗೊತ್ತು” ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

ಜುಲೈ ಬಂತು. ಗೋಧಿ ತೆನೆಯೊಡೆದು ನಿಂತಿತ್ತು. ಧಣಿಯ ಹೊಸ ಕಣಜಕ್ಕೆ ಮರ ಸಾಗಿಸುವ ಬಿಟ್ಟಿಗೆ ಹಾಮೊ ಗಾಡಿ ಕಟ್ಟಿಕೊಂಡು ಐದು ದಿನಕ್ಕೆಂದು ಹೋದ. ಸೋಮವಾರ ಬೆಳಿಗ್ಗೆ ಸರ್ಲೊ ಹೊಲದ ಸುತ್ತು ಹಾಕುತ್ತಿದ್ದಾಗ ಧಣಿಯ ಗೋಧಿಯ ನಡುವೆ ಒಂದು ಬೆನ್ನು ಕಂಡಿತು. ಬಿಳಿಯ ಮೇಲೆ ಕಂದು ಮಚ್ಚೆ. ಅಕ್ಕನ ಹಸುವೇ. ಹುಟ್ಟುವಾಗ ಕಾಲು ಅಡ್ಡ ಸಿಕ್ಕಿಕೊಂಡಿದ್ದ ಅದನ್ನು ಅವ್ವನ ಕೊಟ್ಟಿಗೆಯಲ್ಲಿ ಎಳೆದು ತೆಗೆದವನು ಅವನೇ. ಹತ್ತಾಳು ಮಲಗುವಷ್ಟು ಗೋಧಿಯನ್ನು ಅದು ತುಳಿದು, ಮೇಯ್ದು, ಇವನನ್ನು ಕಂಡು ಗುರುತಿನಿಂದ ಕಿವಿ ಅಲ್ಲಾಡಿಸಿತು. ಸದ್ದಿಲ್ಲದೆ ಹೊಡೆದುಕೊಂಡು ಹೋಗಿ ಅಕ್ಕನ ಹಿತ್ತಲಿಗೆ ಬಿಟ್ಟುಬಿಡೋಣ ಎಂದು ಅವನು ಒಂದು ಗಳಿಗೆ ಯೋಚಿಸಿದ್ದು ಸುಳ್ಳಲ್ಲ. ಆದರೆ ಬದುವಿನ ಆಚೆ ಧಣಿಯ ಕಳೆ ಕೀಳುವ ಹೆಂಗಸರು ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡುತ್ತಿದ್ದರು.

ದೊಡ್ಡಿ ಇರುವುದು ಚರ್ಚಿನ ಎದುರು, ಮೇಟಿಯ ಕಿಟಕಿಯ ಕೆಳಗೆ. ಎದೆಮಟ್ಟದ ಕಲ್ಲುಗೋಡೆ, ಮೇಲೆ ಸೂರಿಲ್ಲ, ಮರವೂ ಇಲ್ಲ. ಮಚ್ಚೆಯನ್ನು ಒಳಗೆ ಬಿಟ್ಟು ಬೀಗ ಹಾಕಿ ಸರ್ಲೊ ಹೊಳೆಯಾಚೆಗೆ ಮುಖ ಮಾಡಿ ಮೂರು ಸಲ ಕೊಂಬು ಊದಿದ. ಮೂರು ಸಲ ಊದಿದರೆ ಮಾಲೀಕರು ಬರಬೇಕೆಂದು ಅರ್ಥ. ಅಕ್ಕನ ಮನೆ ಹೊಳೆ ದಾಟಿ ಅರ್ಧ ಮೈಲಿ, ಒಂಟಿ ಮನೆ. ಗಾಳಿ ಆ ಕಡೆಗೇ ಬೀಸುತ್ತಿತ್ತು. ಕೇಳಿಸದೆ ಇರುವ ಮಾತೇ ಇಲ್ಲ.

ಸಂಜೆಯಾದರೂ ಮಬಿಲಾ ಬರಲಿಲ್ಲ.

“ನೋಡ್ದಾ?” ಎಂದ ಆಸ್‌ಬರ್ಟ್. “ಕಿವಿ ಕೇಳ್ಸಲ್ಲ ಅಂದಿದ್ಲಲ್ಲ. ನಿಮ್ಮ ಅಕ್ಕ ಅಂದ್ರೆ ಅಂದ್ಲು. ಗೋಡೆಗೆ ಗುದ್ದಿದ್ರೆ ಗೋಡೆನೇ ಸೋಲ್ಬೇಕು.”

“ನಾಳೆ ಬರ್ತಾಳೆ ಬಿಡು. ಹಸು ಮೇಲೆ ಜೀವ ಅವಳಿಗೆ.”

ಮಂಗಳವಾರ ಬಿಸಿಲು ಚುರುಗುಟ್ಟಿತು. ಮಚ್ಚೆಯ ಕೆಚ್ಚಲು ಬಿಗಿದು ಹೊಳೆಯುತ್ತಿತ್ತು, ಹಸಿ ಗೋಧಿ ತಿಂದು ಹೊಟ್ಟೆ ಉಬ್ಬಿತ್ತು. ಅದು ಗೋಡೆಯ ಮೇಲೆ ಗದ್ದವಿಟ್ಟು ಒಂದೇ ಸಮನೆ ಕೂಗುತ್ತಿತ್ತು. ಸರ್ಲೊ ಹತ್ತಿರ ಹೋದರೆ ಒಣ ಮೂತಿಯನ್ನು ಅವನ ಅಂಗೈಗೆ ಒತ್ತುತ್ತಿತ್ತು. ಅವನು ಮತ್ತೆ ಕೊಂಬು ಊದಿದ. ಆಸ್‌ಬರ್ಟನನ್ನು ಅಕ್ಕನ ಮನೆಗೆ ಓಡಿಸಿದ. ಆಸ್‌ಬರ್ಟ್ ಹೋದದ್ದೂ ಬಂದದ್ದೂ ಬೇಗನೇ ಆಯಿತು.

“ಬೇಲಿ ಆಚೆ ನಿಂತು ಕೂಗ್ದೆ. ‘ಮಬಿಲಾ, ನಿನ್ನ ಹಸು ದೊಡ್ಡೀಲಿದೆ’ ಅಂತ ಮೂರು ಸಲ. ಊಹೂಂ. ಉತ್ತರ ಇಲ್ಲ. ಬಾಗಿಲು ಹಾಕ್ಕೊಂಡು ಕೂತಿದಾಳೆ.”

“ಒಳಗೆ ಹೋಗಿ ನೋಡ್ಬಾರ್ದಿತ್ತೇನೋ?”

“ಗಂಡ ಊರಲ್ಲಿಲ್ಲದ ಹೆಂಗಸಿನ ಮನೆ ಒಳಗೆ ನಾನು ಹೋಗ್ಲಾ? ಆಮೇಲೆ ನನ್ನ ಹೆಂಡ್ತಿ ನನ್ನನ್ನ ನಿನ್ನ ದೊಡ್ಡಿಗೆ ಕೂಡ್ತಾಳೆ ಅಷ್ಟೇ.”

ಸರ್ಲೊಗೂ ಒಳಗೊಳಗೇ ಕೋಪ ಬಂತು. ಇಷ್ಟು ಹಟವೇ? ಮೂಗಿನ ತುದಿಯ ಸಿಟ್ಟಿಗೆ ಬಾಯಿಲ್ಲದ ಪ್ರಾಣಿಯನ್ನು ಸಾಯಿಸುವುದೇ? ತಾನಾಗಿ ಹೋಗಿ ಕಾಲು ಹಿಡಿಯುವುದಿಲ್ಲ, ಬೇಕಾದರೆ ಅವಳೇ ಬರಲಿ ಎಂದುಕೊಂಡ. ಅವನು ಮಾಡಿದ ತಪ್ಪು ಇದೊಂದೇ. ಊರೂ ಅದನ್ನೇ ಮಾಡಿತು. ಮಬಿಲಾಳ ಶಪಥವನ್ನು ಕೇಳಿ ನಕ್ಕವರೆಲ್ಲ ಅದನ್ನು ನಂಬಿದ್ದರು.

ಆದರೂ ಅವನಿಂದ ಸುಮ್ಮನಿರಲಾಗಲಿಲ್ಲ. ಮೇಟಿಯ ಬಾಗಿಲು ತಟ್ಟಿದ. ಜರ್ವೆಸ್ ಚೀಸು ಕೊಯ್ಯುತ್ತ ಕೂತಿದ್ದ.

“ಮೇಟಿಗಳೇ, ಒಂದು ಬಕೆಟ್ಟು ನೀರು ಇಡ್ತೀನಿ. ಒಂದೇ ಒಂದು. ನೀವು ಆ ಕಡೆ ತಿರುಗಿ.”

“ಇಡಪ್ಪಾ, ನಾನೇನು ನಿನ್ನ ಕೈ ಹಿಡ್ಕೊಂಡಿದೀನಾ? ನಾಳೆ ನಿಮ್ಮ ಭಾವನ ಎತ್ತು ಬಿಚ್ಕೊಂಡು ಬರ್ಬೇಕಾಗುತ್ತೆ, ಅಷ್ಟೇ.”

“ಹಸುನೂ ಅವರದೇ ಅಲ್ವಾ?”

“ಅದಕ್ಕೇ ಹೇಳ್ತಿರೋದು. ಹಸು ಉಳಿಸೋಕೆ ಹೋಗಿ ಎತ್ತು ಕಳೀಬೇಡ. ಈ ಕಟ್ಟಳೆ ಧಣಿ ಮಾಡಿದ್ದಲ್ಲ, ನಾನು ಮಾಡಿದ್ದಲ್ಲ. ನಿಮ್ಮಪ್ಪಂದಿರು ಕೈ ಎತ್ತಿ ಮಾಡ್ಕೊಂಡಿದ್ದು. ನಂಗೂ ಆ ಕೂಗು ಕೇಳಿ ಕೇಳಿ ಊಟ ಸೇರ್ತಿಲ್ಲ.” ಹಾಗೆನ್ನುತ್ತ ಅವನು ಇನ್ನೊಂದು ಹೋಳು ಚೀಸು ಬಾಯಿಗಿಟ್ಟುಕೊಂಡ.

ಬೇರೆ ಯಾರಾದರೂ ಇಡಬಹುದಿತ್ತಲ್ಲ ಎನ್ನುತ್ತೀರಿ. ಮಚ್ಚೆ ಮೇಯ್ದ ಗೋಧಿಗೆ ಮೇಟಿ ಕಟ್ಟಿದ್ದ ದಂಡ ಎಂಟು ದಿನದ ಬಿಟ್ಟಿ ಕೊಯ್ಲು. ತಮ್ಮ ಪೈರು ಹೊಲದಲ್ಲಿ ಉದುರುತ್ತಿರುವಾಗ ಧಣಿಯ ಹೊಲದಲ್ಲಿ ಎಂಟು ದಿನ ಬೆನ್ನು ಬಗ್ಗಿಸಲು ಯಾರು ತಯಾರು? ಬಾವಿಯಿಂದ ಕೊಡ ಹೊತ್ತು ಬರುವ ಹೆಂಗಸರು ದೊಡ್ಡಿಯ ಹತ್ತಿರ ಬಂದಾಗ ದಾರಿಯ ಆ ಬದಿಗೆ ಸರಿದು, ನೀರು ತುಳುಕದ ಹಾಗೆ ಹಿಡಿದುಕೊಂಡು ನಡೆದರು. ಒಬ್ಬಿಬ್ಬರು ಅತ್ತರು ಕೂಡ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನಾನಿದ್ದರೂ ಹಾಗೇ ನಡೆಯುತ್ತಿದ್ದೆ.

ಬುಧವಾರ ಮಧ್ಯಾಹ್ನದ ಹೊತ್ತಿಗೆ ಮಚ್ಚೆ ಕೂಗುವುದನ್ನು ನಿಲ್ಲಿಸಿ ಮಂಡಿಯೂರಿ ಕೂತಿತು. ಆ ಮೌನವನ್ನು ಸರ್ಲೊಗೆ ತಡೆಯಲಾಗಲಿಲ್ಲ. ಮಾನ ಮರ್ಯಾದೆ ಹಾಳಾಗಲಿ ಎಂದು ಹೊಳೆಯಲ್ಲಿ ಬಿದ್ದು ಎದ್ದು ಓಡಿದ. ಅಕ್ಕನ ಮನೆಯ ಸೂರಿನಿಂದ ಹೊಗೆ ಬರುತ್ತಿರಲಿಲ್ಲ. ಹಿತ್ತಲ ಬೇಲಿಯಲ್ಲಿ ಒಂದು ಕಿಂಡಿ ಹಾಗೇ ತೆರೆದುಕೊಂಡಿತ್ತು. ಬಾಗಿಲು ನೂಕಿದ.

ಮಬಿಲಾ ಆರಿದ ಒಲೆಯ ಪಕ್ಕದಲ್ಲಿ ನೆಲದ ಮೇಲೆ ಬಿದ್ದಿದ್ದಳು. ಎಡಗಾಲು ಮಂಡಿಯ ಕೆಳಗೆ ಇರಬಾರದ ಕಡೆಗೆ ತಿರುಗಿ, ಊದಿ, ಕಪ್ಪಗಾಗಿತ್ತು. ಸೋಮವಾರ ಬೆಳಿಗ್ಗೆ ಹಸು ಕಾಣದೆ ಹುಡುಕಲು ಹೋಗಿ ಕಾಲುವೆಯಲ್ಲಿ ಜಾರಿದ್ದಳು. ತೆವಳಿಕೊಂಡು ಮನೆಯೊಳಗೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಆಮೇಲೆ ಏಳಲಾಗಲಿಲ್ಲ, ಜ್ವರ ಏರಿತ್ತು. ಸರ್ಲೊ ಮಡಕೆಯ ತಳದಲ್ಲಿದ್ದ ನೀರನ್ನು ತುಟಿಗೆ ಹಿಡಿದ. ಅವಳು ಗಟಗಟ ಕುಡಿದು ಕಣ್ಣು ಬಿಟ್ಟಳು.

“ಬಂದ್ಯಾ,” ಎಂದಳು. “ನೀನು ಊದಿದ್ದು ಕೇಳಿಸ್ತು ಕಣೋ. ಮೊದಲ ದಿನವೂ, ಎರಡನೇ ದಿನವೂ. ನಾನು ಬರ್ಲಿಲ್ಲ ಅಂದ್ರೆ ನನ್ನ ತಮ್ಮ ಬಂದೇ ಬರ್ತಾನೆ ಅಂದ್ಕೊಂಡೆ.”

“ನಿಂಗೆ ಕೋಪ ಅಂದ್ಕೊಂಡೆ ಅಕ್ಕಾ.”

“ಕೋಪ ಇತ್ತು. ಕಾಲಿರ್ಲಿಲ್ಲ.” ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡಳು. “ಆಸ್‌ಬರ್ಟ್ ಕೂಗಿದ್ದೂ ಕೇಳಿಸ್ತು. ಓಗೊಟ್ಟೆ, ಧ್ವನಿ ಬಾಗಿಲು ದಾಟ್ಲಿಲ್ಲ. ಮಚ್ಚೆ ಹೇಗಿದೆ?”

ಸರ್ಲೊ ಮಡಕೆಯನ್ನು ಕೆಳಗಿಟ್ಟ.

“ಹಾಲು ಕರೆದ್ಯಾ? ನೀರು?”

“ಅಕ್ಕಾ, ನಾನು ಮುಟ್ಟೋ ಹಾಗಿಲ್ಲ.”

“ಸರಿ, ಈಗ ನಾನೇ ಹೇಳ್ತಿದೀನಲ್ಲ. ಹೋಗು. ಹೋಗಿ ನೀರಿಡು.”

“ನೀನು ಹೇಳಿದ್ರೂ ನನ್ನ ಕೈಲಿ ಆಗಲ್ಲ ಅಕ್ಕಾ. ಆಣೆ ಇದೆ. ಭಾವನ ಎತ್ತು ಹೋಗುತ್ತೆ. ನೀನು... ನೀನು ಬೇರೆ ಯಾರನ್ನಾದ್ರೂ ಕಳಿಸ್ಬೇಕು.”

ಮಬಿಲಾ ಅವನನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಇದ್ದದ್ದು ಬರೀ ಆಶ್ಚರ್ಯ.

“ಯಾರನ್ನ ಕಳಿಸ್ಲೋ? ಇಲ್ಲಿರೋದು ನೀನೊಬ್ಬನೇ.”

ಅವನು ಎದ್ದು ಓಡಿದ. ಹೊಳೆಯ ನಡುವೆ ಮಂಡಿಯುದ್ದ ನೀರಿನಲ್ಲಿ ನಿಂತಾಗ ಒಂದು ಕ್ಷಣ ಟೋಪಿ ತೆಗೆದು ತುಂಬಿಸಿಕೊಳ್ಳಲು ಬಗ್ಗಿದ. ಹಾಮೊನ ಎತ್ತು ನೆನಪಾಯಿತು, ಟೋಪಿಯಲ್ಲಿದ್ದದ್ದನ್ನು ಚೆಲ್ಲಿದ. ಆಸ್‌ಬರ್ಟನ ಹೆಂಡತಿಯನ್ನು ಹಿಟ್ಟು ನಾದುತ್ತಿದ್ದ ಕೈಯಲ್ಲೇ ಎಳೆದುಕೊಂಡು ಬಂದು ಮತ್ತೆ ಹೊಳೆ ದಾಟಿಸಿದ, ಮಬಿಲಾಳ ಬಾಯಿಂದ ಅವಳಿಗೆ ಹೇಳಿಸಿದ, ಮತ್ತೆ ಈಚೆಗೆ ಓಡಿಸಿದ. ಅವಳು ಪಾಪ, ಏದುಸಿರು ಬಿಡುತ್ತ ಎರಡು ಕೊಡ ನೀರು ತಂದು, “ಇದು ಮಬಿಲಾ ಕಳಿಸಿದ್ದು, ಮಬಿಲಾ ಕಳಿಸಿದ್ದು” ಎಂದು ಮೇಟಿಯ ಕಿಟಕಿಗೆ ಕೇಳುವ ಹಾಗೆ ಕೂಗುತ್ತ ದೊಡ್ಡಿಯೊಳಗೆ ಹೋದಳು. ಬೀಗ ತೆರೆದುಕೊಟ್ಟ ಸರ್ಲೊ ಗೋಡೆಯ ಹೊರಗೇ ನಿಂತ. ಮಚ್ಚೆ ನೀರಿಗೆ ಮೂತಿ ತಾಗಿಸಿತು, ಕುಡಿಯಲಿಲ್ಲ. ಹೊರಗೆ ನಿಂತವನ ಕಡೆಗೆ ಕಿವಿ ಅಲ್ಲಾಡಿಸಿತು. ಬಿಸಿಲು ಇಳಿಯುವುದರೊಳಗೆ ಸತ್ತಿತು.

ಹಾಮೊ ಬಂದ ಮೇಲೆ ಎಂಟು ದಿನದ ಬಿಟ್ಟಿ ಕೊಯ್ಲನ್ನು ಸರ್ಲೊನೇ ಮಾಡಿದ. ಹಸು ಸತ್ತ ಮೇಲೆ ಮಾಡಬಹುದು, ಅದಕ್ಕೆ ಕಟ್ಟಳೆ ಅಡ್ಡ ಬರುವುದಿಲ್ಲ. ಮಬಿಲಾಳ ಕಾಲು ಸೊಟ್ಟಗೆ ಕೂಡಿಕೊಂಡಿತು. ಎಡಿತ್ ಎರಡು ಹೊತ್ತು ಗಂಜಿ ಒಯ್ದಳು. ಸರ್ಲೊ ಮಾತ್ರ ಹಿತ್ತಲಿನ ಬೇಲಿ ಕಟ್ಟಿಕೊಟ್ಟು, ಸೌದೆ ಒಡೆದು ಜೋಡಿಸಿ, ಬಾಗಿಲಿನಿಂದಲೇ ಹಿಂದಿರುಗುತ್ತಿದ್ದ. ಕೊಂಬು ಸೊಂಟದಲ್ಲಿರುವಾಗ ಒಳಗೆ ಕಾಲಿಡಲು ಅವನಿಗೆ ಮನಸ್ಸಾಗಲಿಲ್ಲ. ಇದನ್ನು ಕೊಟ್ಟುಬಿಡುತ್ತೇನೆ, ಆಮೇಲೆ ಹೋಗುತ್ತೇನೆ ಎಂದುಕೊಂಡ. ಅಕ್ಕ ಬೈದರೆ ಬೈಯಲಿ, ಬೈದ ಮೇಲೆ ಕರೆಯುತ್ತಾಳೆ.

ಮೈಕೆಲ್ ಹಬ್ಬ ಬಂತು. ಮಾರನೆಯ ದಿನದ ಸಭೆಯಲ್ಲಿ ಅವನು ಕೊಂಬನ್ನು ಬಿಸಾಡಲಿಲ್ಲ, ಮೆಲ್ಲಗೆ ಇಟ್ಟ. ಹೊಸದಾಗಿ ಆರಿಸಿದ್ದು ಆಸ್‌ಬರ್ಟನನ್ನು. ಬೀಗದಕೈ ಕೊಟ್ಟವರ ಹೆಸರು ಬರೆದುಕೊಳ್ಳಬೇಕಿತ್ತು. ಧಣಿಯ ಗುಮಾಸ್ತ ತಲೆಯೆತ್ತದೆ, “ಯಾವ ಸರ್ಲೊ?” ಎಂದ. ಅವನು ಬಾಯಿ ತೆರೆಯುವ ಮುಂಚೆಯೇ ನಾಲ್ಕು ಕಡೆಯಿಂದ “ಸರ್ಲೊ ಹೇವರ್ಡ್” ಎಂದು ದನಿ ಬಂತು. ಯಾರದೂ ಕುಹಕವಲ್ಲ. ಗುಮಾಸ್ತ ಹಾಗೇ ಬರೆದ. ಪಕ್ಕದಲ್ಲಿ ನಿಜವಾದ ಹೇವರ್ಡ್ ಆಸ್‌ಬರ್ಟ್ ಕೊಂಬು ಹಿಡಿದು ಪೆಚ್ಚಾಗಿ ನಿಂತಿದ್ದ. ಬರೆದುಕೊಳ್ಳಲಿ ಎಂದುಕೊಂಡ ಸರ್ಲೊ. ಗುಮಾಸ್ತನಿಗೇನು ಗೊತ್ತು?

ಎಡಿತ್ ಕಾಸಿದ ಬಿಯರಿನ ಹೂಜಿ ಎತ್ತಿಕೊಂಡು ಹೊಳೆ ದಾಟಿದ. ಅವ್ವ ಹಾಕುತ್ತಿದ್ದ ಸೊಪ್ಪನ್ನೇ ಹಾಕಿಸಿದ್ದ. ವಾಸನೆಯೂ ಅದೇ ಬಂದಿತ್ತು. ದಾರಿಯುದ್ದಕ್ಕೂ ಸೊಂಟ ಮುಟ್ಟಿಕೊಂಡು ನೋಡಿದ, ಬರಿದಾಗಿತ್ತು. ಅಕ್ಕನ ಮನೆಯ ಸೂರಿನಿಂದ ಹೊಗೆ ಏಳುತ್ತಿತ್ತು. ಬಾಗಿಲು ತಟ್ಟಿದ.

“ಯಾರದು?” ಒಳಗಿನಿಂದ ಮಬಿಲಾಳ ದನಿ.

“ನಾನಕ್ಕಾ. ಸರ್ಲೊ.”

“ಯಾವ ಸರ್ಲೊ?”

‘ಅವೀಸಳ ಮಗ’ ಎನ್ನಲು ಬಾಯಿ ತೆರೆದ. ಅದನ್ನು ತಾನೇ ಹೇಳಿಕೊಂಡರೆ ಏನು ಬಂತು, ಅವಳ ಬಾಯಿಂದ ಬರಲಿ ಎಂದು ಒಂದು ಉಸಿರಿನಷ್ಟು ಹೊತ್ತು ಕಾದ. ಒಳಗೆ ಅವಳಿಗೆ ಗುರುತು ಸಿಕ್ಕಿತು.

“ಓ,” ಎಂದಳು, ಗಂಡನ ಕಡೆ ತಿರುಗಿ. “ಬಾಗಿಲು ತೆಗೀರಿ. ಹೇವರ್ಡ್ ಬಂದಿದಾನೆ.”

ಹಾಮೊ ಬಾಗಿಲು ತೆಗೆದ. ಮಬಿಲಾ ಒಲೆಯ ಮುಂದೆ ಸೊಟ್ಟ ಕಾಲು ಚಾಚಿ ಕೂತು ಈರುಳ್ಳಿ ಸುಲಿಯುತ್ತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ.

“ಕೊಂಬು ಕೊಟ್ಟುಬಿಟ್ಟೆ ಅಕ್ಕಾ,” ಎಂದ ಸರ್ಲೊ. “ಇವತ್ತೇ. ಎಲ್ಲಾ ಕೊಟ್ಟುಬಿಟ್ಟೆ.”

“ಹೌದಾ? ಒಳ್ಳೇದಾಯ್ತು,” ಎಂದಳು ಅವಳು, ಪಕ್ಕದ ಮಣೆಯನ್ನು ಅವನ ಕಡೆಗೆ ತಳ್ಳುತ್ತ. “ನಿಂತೇ ಇದೀಯಲ್ಲ. ಕೂತ್ಕೋ ಹೇವರ್ಡ್.”